ಫೋನಿನ್ಯಾಗಿನ ಕಂಪನಿ ನಾಟಕ

ತೊಗರಿ ಹಸನ ಮಾಡ್ಲಾಕತ್ತಿದ್ದೆ. ಮೊರ ತೊಡಿಮ್ಯಾಲ, ಫೋನು ಎದುರಿಗೆ ಉಪ್ಪಿನಕಾಯಿ ಭರಣಿಗೆ ಆನಿಸಿ ಇಟ್ಟಿದ್ದೆ. ಅದರಾಗ ‘ಪಂಚಾಯತ್’ ನಡೆದಿತ್ತು. ಎರಡನೇ ಸಲ ನೋಡೋದು, ಅದಕ್ಕ ಕಣ್ಣು ಕಾಳಿನ ಮ್ಯಾಲ, ಕಿವಿ ಫೋನಿನ ಮ್ಯಾಲ. ಅಷ್ಟರಾಗ ಶಹಾಬಾದದಿಂದ ಅಕ್ಕ ಫೋನ್ ಹಚ್ಚಿದಳು. ಕತಿ ಅಲ್ಲೇ ನಿಂತಿತು.

“ಏ ತಂಗಿ, ನೀ ಇವೆಲ್ಲಾ ನೋಡ್ತಿ. ಖರೇ ಹೇಳು. ಈ ಕಂಪನಿಯವರು ಫೋನಿನ್ಯಾಗ ಮಾಡೋ ನಾಟಕ ನಡೀತಾವೇನು? ಇಲ್ಲಾ ನಾಕ್ ದಿನದ್ದೇನು?”

ಯಾಕ ಕೇಳ್ತಾಳ ಅಂತ ನನಗ ಗೊತ್ತಿತ್ತು. ಅಕ್ಕನ ಮಗಳು ಬೆಂಗಳೂರಾಗ ಸಾಫ್ಟ್‌ವೇರ್ ನೌಕರಿ ಮಾಡ್ತಾಳ. ಶಹಾಬಾದದ ಮನಿ ಸಾಲದ ಕಂತು ಆಕಿ ಪಗಾರದಾಗೇ ಹೋಗ್ತದ. ಭಾವ ಹೋದಮ್ಯಾಲ ಆ ಮನಿಗೆ ಆಕಿನೇ ಗಂಡಸು, ಆಕಿನೇ ಹೆಂಗಸು. ಈಗ ಒಂದು ದೊಡ್ಡ ಕಂಪನಿಯವರು ತಮ್ಮ ಆ್ಯಪಿಗೆ ಕತಿ ಬರೀಲಾಕ ಬಾ, ಒಂದು ವರ್ಷದ ಕರಾರು ಅಂತ ಕರದಾರ. ಪೋರಿ ನೌಕರಿ ಬಿಡ್ತೀನಿ ಅಂತ ಕುಂತಾಳ. ಕಂಪನಿ ಹೆಸರು ಇಲ್ಲಿ ಬ್ಯಾಡ, ಇನ್ನೂ ಮಾತುಕತಿ ನಡದದ.

ವಾಡಿದಾಗಿರೋ ನಮ್ಮ ಅಣ್ಣಂದು ಒಂದೇ ವಾದ. “ಅಷ್ಟು ದೊಡ್ಡ ಕಂಪನಿ ಮುಳುಗ್ತದೇನು? ಹೋಗ್ಲಿ ಬಿಡ್ರಿ.” ಅಣ್ಣನ ಜೀವನೆಲ್ಲಾ ಸಿಮೆಂಟ್ ಕಂಪನಿದಾಗ ಹೋಗ್ಯಾದ. ಕಂಪನಿ ಅಂದ್ರ ಆಂವಗ ಆಲದ ಮರ.

ನಾ ಅಕ್ಕಗ ಆವಾಗ ಉತ್ತರ ಕೊಡ್ಲಿಲ್ಲ. ರಾತ್ರಿ ರೊಟ್ಟಿ ಬಡಿಯೋ ಮುಂದೂ ಅದೇ ವಿಚಾರ.

ನಮ್ಮ ಕಡೆ ‘ಕಂಪನಿ ನಾಟಕ’ ಅಂದ್ರ ಬ್ಯಾರೇನೇ ಇತ್ತು. ಜಾತ್ರಿ ಬಂತಂದ್ರ ತಗಡಿನ ಥೇಟರ್ ಹಾಕಿ ವಾರಗಟ್ಟಲೆ ಆಡೋರು. ಏಣಗಿ ಬಾಳಪ್ಪನವರದು, ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಕಂಪನಿದು, ಹೆಸರು ನಮ್ಮ ಅವ್ವ ಈಗೂ ತಗೀತಾಳ. ಆ ಕಂಪನಿಗೆ ನಾಟಕ ಬಿಟ್ಟು ಮತ್ತೊಂದು ಧಂದೆ ಇರ್ಲಿಲ್ಲ. ಜನ ಬರ್ಲಿಲ್ಲ ಅಂದ್ರ ಅವತ್ತು ಅವರ ಒಲಿ ಹತ್ತಂಗಿಲ್ಲ. ಅದಕ್ಕ ಜನ ಎಲ್ಲಿ ಆಕಳಿಸಿದರು, ಎಲ್ಲಿ ಸೆರಗಿಲೆ ಕಣ್ಣು ಒರಸಿಕೊಂಡರು ಅಂತ ನೋಡಿ ಮರುದಿನ ಮಾತು ತಿದ್ದೋರು. ಆಡೋ ಊರಿನ ಹೆಸರು, ಆ ಊರಿನ ಗೌಡನ ಮೀಸಿ, ಎಲ್ಲಾ ನಡುವ ಸೇರಿಸೋರು.

ಈಗಿನ ಕಂಪನಿ ನಾಟಕದ ಹೊಟ್ಟಿಪಾಡು ನಾಟಕದಾಗ ಇಲ್ಲ. ಅಮೆಜಾನ್ ಮೊದಲು ಪುಸ್ತಕ ಮಾರಿತು, ಆಮ್ಯಾಲ ಸೀರಿಯಿಂದ ಕುಕ್ಕರ್ ತನಕ ಎಲ್ಲಾ ಮಾರಿತು. ಅದರ ಮಾಲೀಕ ಜೆಫ್ ಬೆಜೋಸ್ 2016ರಾಗ ಬಾಯಿಬಿಟ್ಟು ಹೇಳ್ಯಾನ, ನಮ್ಮ ಕತಿಗೆ ದೊಡ್ಡ ಪ್ರಶಸ್ತಿ ಬಂದ್ರ ನಮ್ಮ ಬೂಟಿನ ಮಾರಾಟ ಹೆಚ್ಚಾಗ್ತದ ಅಂತ. ನನಗ ಅದರಾಗ ಸಿಟ್ಟೇನಿಲ್ಲ. ಸುಳ್ಳು ಹೇಳಿಲ್ಲಲ್ಲ, ಪಾಪ. ನಮ್ಮ ಸೇಡಂ ಬಜಾರದಾಗ ಸೀರಿ ಅಂಗಡ್ಯಾಗ ಚಾ ಕುಡಿಸ್ತಾರ, ಆದ್ರ ಅದು ಚಾದ ಅಂಗಡಿ ಅಲ್ಲ. ಚಾ ಎಷ್ಟೇ ಚಲೋ ಇದ್ರೂ ಸೀರಿ ಹೋಗ್ಲಿಲ್ಲಂದ್ರ ಮುಂದಿನ ವರ್ಷ ಚಾ ಬಂದ್.

ಬರೇ ಮಾತಲ್ಲ ಇದು. ಯೂಟ್ಯೂಬಿನವರು ತಾವೇ ರೊಕ್ಕ ಹಾಕಿ ಕತಿ ಮಾಡಸ್ತಿದ್ರು, 2022ರ ಜನವರಿದಾಗ ಆ ವಿಭಾಗನೇ ಮುಚ್ಚಿದರು. ಯೂಟ್ಯೂಬಿಗೆ ಏನಾತು? ಏನೂ ಆಗ್ಲಿಲ್ಲ. ಇವತ್ತೂ ನೀವು ಅದರಾಗೇ ಶೇಂಗಾ ಹೋಳಿಗಿ ಮಾಡೋದು ನೋಡ್ತೀರಿ. ಆ್ಯಪಲ್ ಫೋನಿನವರು 2019ರಾಗ ಸುರು ಮಾಡಿದರು. ಮೂರು ವರ್ಷದಾಗೇ ಅವರು ತೋರಿಸಿದ ‘ಕೋಡಾ’ ಸಿನಿಮಾಕ್ಕ ಆಸ್ಕರ್ ಬಂತು. ಹಂಗಿದ್ದೂ ವರ್ಷಕ್ಕ ನೂರು ಕೋಟಿ ಡಾಲರಿಗಿಂತ ಜಾಸ್ತಿ ಲುಕ್ಸಾನ ಅಂತ 2025ರಾಗ ಪೇಪರಿನ್ಯಾಗ ಬಂತು. ಫೋನು ಮಾರಿದ ರೊಕ್ಕ ಅದ, ನಡೀತದ. ನೆಟ್‌ಫ್ಲಿಕ್ಸ್ ಒಂದೇ ಜರಾ ನಮ್ಮ ಹಳಿ ಕಂಪನಿ ನಾಟಕದಂಗ. ಅದು 1997ರಾಗ ಹುಟ್ಟಿದ್ದೇ ಸಿನಿಮಾದ ಡಿವಿಡಿ ಟಪಾಲಿನ್ಯಾಗ ಕಳಸ್ಲಾಕ. 2013ರಾಗ ‘ಹೌಸ್ ಆಫ್ ಕಾರ್ಡ್ಸ್’ ಮಾಡಿದಾಗಿಂದ ಕತಿನೇ ಅದರ ಹೊಟ್ಟಿ. ಅದಕ್ಕ ಮಾರ್ಲಾಕ ಕುಕ್ಕರ್ ಇಲ್ಲ.

ಅಂದ್ರ ಬ್ಯಾರೆ ಧಂದೆದವರು ಕತಿ ಮಾಡಿದ್ರ ಕೆಡ್ತದ ಅಂತ ನಾ ಅನ್ನಂಗಿಲ್ಲ. ‘ಪಂಚಾಯತ್’ ನೋಡ್ರಿ. 2020ರ ಏಪ್ರಿಲ್‌ದಾಗ, ನಾವೆಲ್ಲಾ ಬಾಗಲಾ ಹಾಕ್ಕೊಂಡು ಕುಂತಾಗ ಬಂತು. ಕೊಲಿ ಇಲ್ಲ, ವಿಷ ಹಾಕೋ ಸೊಸಿ ಇಲ್ಲ. ಒಂದು ಸೋರೆಕಾಯಿ, ಒಂದು ಕಟ್ಟಿ, ಒಂದು ಗ್ರಾಮ ಪಂಚಾಯ್ತಿ. ನಮ್ಮ ಸಂಜಿ ಧಾರಾವಾಹಿಯವರಿಗೆ ಇಂಥಾದ್ದು ಮಾಡು ಅಂದ್ರ ಮಾಡ್ತಾರೇನು? ಅವರು ವಾರ ವಾರ ಟಿಆರ್‌ಪಿ ನೋಡಬೇಕು. ಬ್ಯಾರೆ ಕಿಸೇದಾಗ ರೊಕ್ಕ ಇದ್ದವರಿಗೇ ಅಷ್ಟು ಸಮಾಧಾನ ಇರ್ತದ. ಆದ್ರ ಆ ಕತಿ ಹೆಣದವರು ಅಮೆಜಾನಿನವರಲ್ಲ, ಟಿವಿಎಫ್ ಅಂತ, ಯೂಟ್ಯೂಬಿನ್ಯಾಗ ಸಣ್ಣ ಸಣ್ಣ ಕತಿ ಮಾಡಿ ಮ್ಯಾಲೆ ಬಂದ ಪೋರರು. ಅವರ ಹೊಟ್ಟಿ ಕತಿಮ್ಯಾಲೇ ಅದ. ಅಮೆಜಾನು ಥೇಟರ್ ಹಾಕಿ ಕೊಟ್ಟಿತು, ಅಷ್ಟೇ. ಥೇಟರ್ ಬಾಡಿಗಿನೂ ಏರ್ಕೋತ ನಡದದ ಬಿಡ್ರಿ. ಸುರುವಿಗೆ ವರ್ಷಕ್ಕ 499 ಇತ್ತು, ಈಗ 1,499. 2025ರ ಜೂನ್‌ದಿಂದ ನಡುವ ಜಾಹೀರಾತೂ ಬರ್ತಾವ. ಅದು ಬ್ಯಾಡ ಅಂದ್ರ ಮತ್ತ ರೊಕ್ಕ.

ಅದೇ ಪಂಚಾಯತ್‌ನ ತಮಿಳಿನ್ಯಾಗ ಮಾಡಿದರು. 2025ರ ಜನವರಿದಾಗ ತೆಲುಗಿನ್ಯಾಗ ‘ಸಿವರಪಲ್ಲಿ’ ಅಂತ ಮಾಡಿದರು, ತೆಲಂಗಾಣದ ಒಂದು ಹಳ್ಳಿ ಕತಿ ಮಾಡಿ. ಚಿಂಚೋಳಿಗೆ ಕೊಟ್ಟ ನಮ್ಮ ನಾದಿನಿ ಅದನ್ನ ಎರಡೇ ದಿನದಾಗ ನೋಡಿ ಮುಗಿಸಿದಳು. “ವೈನಿ, ಆ ತೆಲುಗು ನಮ್ಮ ತಾಂಡೂರ ಸಂತಿ ತೆಲುಗಿನಂಗೇ ಅದ, ಬೆಂಗಳೂರ ಕನ್ನಡಕಿಂತ ಛಲೋ ತಿಳೀತದ” ಅಂದಳು. ನಗ್ಲಾಕ ಹೇಳಿದ ಮಾತೇ ಅದು, ಆದ್ರ ನನಗ ಚುಚ್ಚಿತು. ನಮ್ಮ ಮಾತಿನ ಫುಲೇರಾ ನಾ ಇನ್ನೂ ಯಾವ ಆ್ಯಪಿನ್ಯಾಗೂ ನೋಡಿಲ್ಲ.

ಕನ್ನಡದ್ದು ಬಂದೇ ಇಲ್ಲಂತಲ್ಲ. 2020ರ ಜುಲೈದಾಗ ಪುನೀತ್ ರಾಜಕುಮಾರ್ ಮಾಡಿಸಿದ ‘ಲಾ’, ‘ಫ್ರೆಂಚ್ ಬಿರಿಯಾನಿ’ ಎರಡೂ ಸೀದಾ ಪ್ರೈಮಿಗೆ ಬಂದ್ವು, ಅವು ಸಿನಿಮಾ. ಕಂತು ಕಂತಿನ ಕತಿಗೇ ತ್ರಾಸ. ರಕ್ಷಿತ್ ಶೆಟ್ಟಿ ಬಳಗದವರು ‘ಏಕಂ’ ಅಂತ 7 ಕತಿ ಮಾಡಿದರು, ಕರಾವಳಿ ಕಡೆದು. ದೊಡ್ಡ ಆ್ಯಪಿನವರ ಬಾಗಲದಾಗ ಭಾಳ ದಿನ ಕಾದ್ರು, ಸರಿಯಾದ ಬೆಲಿ ಬರ್ಲಿಲ್ಲ. ಕಡೀಗೆ 2024ರ ಜುಲೈದಾಗ ತಮ್ಮದೇ ಜಾಲತಾಣ ಕಟ್ಟಿ ತೋರಿಸಿದರು. ತಾವೇ ನಾಟಕ, ತಾವೇ ತಗಡಿನ ಥೇಟರ್! 2025ರ ಏಪ್ರಿಲ್‌ದಾಗ ಝೀ5ನವರು ‘ಅಯ್ಯನ ಮನೆ’ ತಂದ್ರು, ಚಿಕ್ಕಮಗಳೂರ ಕಡೆ ಮನಿ, ಮೂರು ಸೊಸಿಯಂದಿರ ಸಾವು. ಅದು ಜನಕ್ಕ ಹಿಡಿಸ್ತು. ಅವರು ಟಿವಿಯವರು, ಕನ್ನಡ ಮನಿ ಒಳಗ ಬಹಳ ವರ್ಷದಿಂದ ಬಂದು ಕುಂತವರು. ಗುಣ ಗೊತ್ತದ.

ಕರಾವಳಿ ಆತು, ಮಲೆನಾಡು ಆತು. ಶಹಾಬಾದ ಫರಸಿ ಹಾಸಿದ ಮನಿ, ಪುಂಡಿಪಲ್ಯದ ಮನಿ ಯಾವಾಗ?

ಇಲ್ಲಿ ಅವ್ವನ ಮಾತು ಹೇಳ್ಲೇಬೇಕು. ಚಿತ್ತಾಪುರದಾಗ ಆಕಿ ಮುಂದ ಈ ಸುದ್ದಿ ತಗದ್ರ, “ನಾ ನಿಮ್ಮೆಲ್ಲರಕಿಂತ ಮದಲ ನೋಡೀನಿ” ಅಂತಾಳ. ಖರೇನೇ. 1975ರ ಆಗಸ್ಟ್ 1ಕ್ಕ, ಅಮೆರಿಕಾದ ನಾಸಾದವರ ಉಪಗ್ರಹ ಒಂದು ವರ್ಷದ ಮಟ್ಟಿಗೆ ತಗೊಂಡು, ನಮ್ಮ ಇಸ್ರೋದವರು ಆರು ರಾಜ್ಯದ ಸುಮಾರು 2,400 ಹಳ್ಳಿಗೆ ಟಿವಿ ತೋರಿಸಿದರು. ಕರ್ನಾಟಕದಾಗ ಆರಿಸಿದ್ದು ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲಾ. ಬೆಂಗಳೂರಿಗೆ ದೂರದರ್ಶನ ಬಂದಿದ್ದು 1981ಕ್ಕ! ಅವ್ವನ ತವರಿನ ಸಾಲಿಗೆ ಒಂದು ಸೆಟ್ಟು ಕೊಟ್ಟಿದ್ರಂತ, ಮ್ಯಾಲ ಕೋಳಿ ಗೂಡಿನ ಜಾಳಗಿಯಿಂದ ಮಾಡಿದ ಹತ್ತು ಫೂಟಿನ ಛತ್ರಿ. ಅವ್ವ ಆವಾಗ ಹನ್ನೊಂದು ವರ್ಷದಾಕಿ. ಮೊದಲ್ನೇ ವಾರ ಊರಿಗೆ ಊರೇ ಸಾಲಿ ಅಂಗಳದಾಗ. ಗೊಬ್ಬರದ ಸುದ್ದಿ, ಕೂಸಿನ ಸೂಜಿ ಸುದ್ದಿ, ಕಡಿಮಿ ಮಕ್ಕಳ ಸುದ್ದಿ. ಬರಬರ್ತ ಹೆಣ್ಮಕ್ಕಳು ಕಡಿಮ್ಯಾದ್ರು. “ಅವರ ಕನ್ನಡ ಪುಸ್ತಕದ ಕನ್ನಡ. ಒಂದಿನ ಒಬ್ಬಾಕಿ ಇಳಕಲ್ ಸೀರಿ ಉಟ್ಟಾಕಿ ನಮ್ಮಂಗ ‘ಯವ್ವಾ’ ಅಂದಳು ನೋಡು. ಅವತ್ತು ಯಾರೂ ಎದ್ದು ಹೋಗ್ಲಿಲ್ಲ.” ವರ್ಷ ತುಂಬಿದ ಕೂಡ್ಲೆ, 1976ರ ಜುಲೈ 31ಕ್ಕ ಎಲ್ಲಾ ಬಂದ್. ಉಪಗ್ರಹ ಅವರದು, ಹೊಳ್ಳಿ ಒಯ್ದರು. ಗುಲ್ಬರ್ಗಾಕ್ಕ ಸ್ವಂತ ಟಿವಿ ಟವರ್ 1977ರಾಗ ಬಂತು, ಆದ್ರ ಅವ್ವನ ಸಾಲಿ ಸೆಟ್ಟಿನ ಮ್ಯಾಲ ಹೊಚ್ಚಿದ ಅರಬಿ ಹೊಚ್ಚಿದಂಗೇ ಇತ್ತಂತ.

ಈಗ ನಮ್ಮ ಪೋರಿದು. ಇದು ಆಕಿದು ಎರಡನೇ ಸಲ. ಎರಡು ವರ್ಷದ ಹಿಂದ ಬ್ಯಾರೆ ಒಂದು ಕಂಪನಿ ಸಲುವಾಗಿ ರಾತ್ರಿ ರಾತ್ರಿ ಕುಂತು ಆರು ಕಂತು ಬರದಿದ್ದಳು. ಕತಿ ಅವ್ವಂದೇ. ಕಾಗಿಣಾ ಹೊಳಿ ತುಂಬಿ ಬಂದು ಬೀಗರು ಆಚಿ ದಂಡ್ಯಾಗ, ಮದುಮಗಳು ಈಚಿ ದಂಡ್ಯಾಗ ಮೂರು ದಿನ ನಿಂತಿದ್ದು. ಬರದಂಗ ಬರದಂಗ ಫೋನಿನ್ಯಾಗ ಆಯಿಗೆ ಓದಿ ಹೇಳ್ತಿದ್ದಳು. ಅವ್ವ ನಡುವ, “ಹಂಗಲ್ಲ, ಅಕ್ಕಿಕಾಳು ತೊಯ್ದಿದ್ದು ಮರುದಿನ” ಅಂತ ತಿದ್ದೋದು.

ಕಂಪನಿಯವರು ಮೊದಲು ಅಂದ್ರಂತ, ಭಾಷಾ ಜರಾ ಸಾಮಾನ್ಯ ಮಾಡ್ರಿ, ಎಲ್ಲರಿಗೂ ತಿಳೀಬೇಕು. ಪೋರಿ ‘ಅದ’ ಇದ್ದಲ್ಲೆಲ್ಲಾ ‘ಇದೆ’ ಮಾಡಿದಳು. ಆಮ್ಯಾಲ ಅಂದ್ರು, ಮೊದಲ್ನೇ ಹತ್ತು ನಿಮಿಷದಾಗ ಒಂದು ಹೆಣ ಬೀಳ್ಲಿ. ಮದುವಿ ಕತಿದಾಗ ಹೆಣ ಎಲ್ಲಿಂದ ತರಬೇಕ್ರೀ? ಹೊಳ್ಯಾಗ ತೇಲಿ ಬಂತು ಅಂತ ಬರದಳು. ಅವ್ವಗ ಅದನ್ನ ಓದಿ ಹೇಳ್ಲಿಲ್ಲ. ಕಡೀಗೆ ಮ್ಯಾಲಿನ ಸಾಹೇಬ ಬದಲಾದ, ಈ ವರ್ಷ ಕನ್ನಡದ್ದು ಸದ್ಯಕ್ಕ ಬ್ಯಾಡ ಅಂದ್ರು. ಅರ್ಧ ರೊಕ್ಕ ಕೊಟ್ಟಾರ, ಅನ್ಯಾಯ ಅನ್ನಂಗಿಲ್ಲ. ಆದ್ರ ಸಹಿ ಮಾಡಿದ ಕಾಗದದ ಪ್ರಕಾರ ಕತಿ ಈಗ ಅವರದು. ಮತ್ತೊಬ್ಬರಿಗೆ ಕೊಡಂಗಿಲ್ಲ, ತಾನು ಯೂಟ್ಯೂಬಿಗೆ ಹಾಕಂಗಿಲ್ಲ. ಅವ್ವ ಮಾತ್ರ ಹಬ್ಬಕ್ಕೊಮ್ಮಿ ಕೇಳ್ತಾಳ, “ನನ್ನ ಲಗ್ನದ್ದು ಯಾವಾಗ ಬರ್ತದ?”

ಹಿಂಗಾಗಿ ಅಣ್ಣಗ ಮೊದಲು ಫೋನ್ ಹಚ್ಚಿದೆ. “ಅಣ್ಣಾ, ಕಂಪನಿ ಮುಳುಗಂಗಿಲ್ಲ, ಒಪ್ಪಿದೆ. ಆದ್ರ ಸಿಮೆಂಟ್ ಕಂಪನಿ ಕಾಲೋನ್ಯಾಗ ಸಾಲಿ ನಡೆಸ್ತದಲ್ಲ, ಆ ಸಾಲಿ ಮಾಸ್ತರನ ನೌಕರಿ ಗಟ್ಟಿ ಇರೋದು ಪೋರರ ಮಾರ್ಕಿನ ಮ್ಯಾಲೇನು, ಸಿಮೆಂಟಿನ ಮ್ಯಾಲೇನು?” ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಿಮೆಂಟಿನ ಮ್ಯಾಲೇ” ಅಂದ.

ಆಮ್ಯಾಲ ಅಕ್ಕಗ ಹೇಳಿದೆ, ನಾಟಕ ನಡೀತಾವ, ಚಲೋವೂ ಬರ್ತಾವ. ಆದ್ರ ಕೈ ಬಿಡೋ ದಿನ ಬಂದ್ರ ಸಣ್ಣ ಭಾಷಾದ್ದು ಮೊದಲು ಬಿಡ್ತಾರ, ಅದರಾಗ ನಮ್ಮ ಮಾತಿಂದು ಇನ್ನೂ ಮೊದಲು. ಅದಕ್ಕ ಮನಿ ಕಂತು ತೀರೋ ತನಕ ನೌಕರಿ ಬಿಡಬ್ಯಾಡ ಅನ್ನು, ರಾತ್ರಿ ಬರೀಲಿ. ಮತ್ತ ಕಾಗದದಾಗ ಒಂದು ಸಾಲು ಬರಸ್ಕೊಳ್ಳಿ, ಎರಡು ವರ್ಷದಾಗ ಮಾಡ್ಲಿಲ್ಲಂದ್ರ ಕತಿ ಹೊಳ್ಳಿ ಆಕಿಗೇ ಬರಬೇಕು.

ಪೋರಿಗೆ ಸಿಟ್ಟು ಬಂತು. “ಚಿಗವ್ವಾ, ಹಂಗ ಕೇಳಿದ್ರ ಅವರು ನನ್ನನ್ನೇ ಬಿಡ್ತಾರ. ಬರೀಲಾಕ ಸಾವಿರ ಮಂದಿ ನಿಂತಾರ.” ಆ ಮಾತಿಗೆ ನನ್ನ ಹತ್ರ ಉತ್ತರ ಇರ್ಲಿಲ್ಲ. ಆಕಿ ವಯಸ್ಸಿಗೆ ನಾ ಒಂದು ಹಾಡಿನ ಸ್ಪರ್ಧಾಕ್ಕೂ ಮನಿಯವರನ್ನ ಕೇಳಿ ಹೋದಾಕಿ ಅಲ್ಲ, ಹೋಗೇ ಇಲ್ಲ. ಎಂಟು ದಿನ ನನ್ನ ಕೂಡ ಮಾತಾಡ್ಲಿಲ್ಲ. ಒಂಬತ್ತನೇ ದಿನ ಮೆಸೇಜ್ ಬಂತು, ಕೇಳೀನಿ, ಜವಾಬು ಇನ್ನೂ ಬಂದಿಲ್ಲ, ಅಲ್ಲಿ ತನಕ ನೌಕರಿಗೆ ಹೋಗ್ತೀನಿ.

ಹೋದ ಐತವಾರ ಪೋರಿ ಬಂದಿದ್ದಳು, ಎಲ್ಲರೂ ಚಿತ್ತಾಪುರದಾಗ ಕೂಡಿದ್ವಿ. ಊಟ ಆದಮ್ಯಾಲ ಅವ್ವ ಮತ್ತ ಅದೇ ಕೇಳಿದಳು. ಪೋರಿ ಈ ಸಲ ಮುಚ್ಚಿಡ್ಲಿಲ್ಲ. ಕತಿ ಕಂಪನಿದು ಆಗ್ಯಾದ, ನಾವು ತೋರಿಸಂಗಿಲ್ಲ ಅಂತ ಎಲ್ಲಾ ಬಿಡಿಸಿ ಹೇಳಿದಳು. ಹೆಣದ್ದೂ ಹೇಳಿದಳು. ಅವ್ವ ಎಲಿ ಅಡಕಿ ಹಾಕ್ಕೋತ ಪೂರಾ ಕೇಳಿದಳು.

“ಯಾರ ಹೆಣ?”

“ಯಾರದೋ, ಆಯಿ. ಸುಮ್ಮನ.”

“ಆ ವರ್ಷ ಹೊಳ್ಯಾಗ ಯಾರೂ ಸತ್ತಿಲ್ಲ. ನಮ್ಮ ಅತ್ತಿ ಒಂದು ಎಮ್ಮಿ ಹೋಯ್ತು, ಅದೂ ಮಳಖೇಡ ಕಡೆ ದಂಡಿಗೆ ಹತ್ತಿ ಬದುಕಿತು. ಎಮ್ಮಿದು ಬರದಿಯೇನು?”

ಬರದಿರ್ಲಿಲ್ಲ. ಆಕಿಗೆ ಅದು ಗೊತ್ತೇ ಇರ್ಲಿಲ್ಲ. ಅವ್ವ ಕಾಲು ಚಾಚಿ ಗ್ವಾಡಿಗೆ ಆನಿ, ಎಮ್ಮಿ ಹೆಸರಿನಿಂದ ಸುರು ಮಾಡಿದಳು. ಪೋರಿ ಫೋನ್ ತಗದು ರೆಕಾರ್ಡ್ ಒತ್ತಿ, ಭರಣಿಗೆ ಆನಿಸಿ ಇಟ್ಟಳು.