ಹಿಮದ ಹಾದಿ, ಧೂಳಿನ ಹಾದಿ

ಬೈಕ್ ಓಡಿಸುವ ನಮ್ಮಂಥವರು ನಾಲ್ಕು ಜನ ಸೇರಿದರೆ ಒಂದು ಚರ್ಚೆ ತಪ್ಪಿದ್ದಲ್ಲ. ಜಗತ್ತಿನಲ್ಲಿ ಅತಿ ಕಠಿಣವಾದ ದಾರಿ ಯಾವುದು? ಗಾದಿಗನೂರಿನಲ್ಲಿ ಹೊಸಪೇಟೆ–ಬಳ್ಳಾರಿ ಹೆದ್ದಾರಿಯ ಬದಿಯಲ್ಲಿ ಚಹಾ ಕುಡಿಯುತ್ತಾ ಈ ಮಾತನ್ನು ನಾವು ಉತ್ತರ ಧ್ರುವದವರೆಗೂ ಒಯ್ದಿದ್ದೇವೆ.

ಅಲಾಸ್ಕಾದ ಡಾಲ್ಟನ್ ಹೆದ್ದಾರಿ 666 ಕಿ.ಮೀ. ಉದ್ದ. 1974ರಲ್ಲಿ ತೈಲದ ಕೊಳವೆ ಮಾರ್ಗಕ್ಕಾಗಿ ಮಾಡಿದ್ದು. ಕೋಲ್ಡ್‌ಫುಟ್ ದಾಟಿದರೆ ಸುಮಾರು 385 ಕಿ.ಮೀ. ಪೆಟ್ರೋಲ್ ಸಿಗದು. ಧೂಳು ಅಡಗಿಸಲು ಹಾಕುವ ಕ್ಯಾಲ್ಸಿಯಂ ಕ್ಲೋರೈಡ್ ಮಳೆ ಬಿದ್ದರೆ ಜಾರುವ ಕೆಸರಾಗುತ್ತದೆ. ಕೆನಡಾದ ಡೆಂಪ್‌ಸ್ಟರ್ ಹೆದ್ದಾರಿಯ ಚೂಪುಗಲ್ಲು ಟೈರು ಸೀಳುತ್ತದೆ. ಅಲ್ಲಿಂದ ಮುಂದೆ, ಆರ್ಕ್ಟಿಕ್ ಸಾಗರದ ದಂಡೆಯ ಟುಕ್ಟೊಯಾಕ್ಟುಕ್‌ಗೆ ಸರ್ವಋತು ರಸ್ತೆ ತೆರೆದದ್ದು 2017ರಲ್ಲಿ. ಧ್ರುವವೃತ್ತದ ತುಸು ಕೆಳಗೆ ಸಾಗುವ ರಷ್ಯಾದ ಕೊಲಿಮಾ ರಸ್ತೆ ಸುಮಾರು 2000 ಕಿ.ಮೀ. ಸ್ಟಾಲಿನ್ ಕಾಲದ ಕೈದಿಗಳು ಅದನ್ನು ಕಡಿಯುತ್ತಾ ಸತ್ತರು; 'ಎಲುಬುಗಳ ರಸ್ತೆ' ಎಂದೇ ಅದಕ್ಕೆ ಹೆಸರು.

ಹೋಲಿಕೆಗೆ ನಾವು ನಾಲ್ಕು ಪ್ರಶ್ನೆ ಇಟ್ಟುಕೊಂಡೆವು. ನೆಲ ಹೇಗಿದೆ? ಹವೆ ಹೇಗಿದೆ? ಎದುರಿಗೆ ಬರುವ ವಾಹನ ಯಾವುದು? ಬಿದ್ದರೆ ಎತ್ತುವವರು ಎಷ್ಟು ದೂರ? ಕೊನೆಯ ಪ್ರಶ್ನೆಯಲ್ಲಿ ಕೊಲಿಮಾವನ್ನು ಮೀರಿಸುವುದು ಕಷ್ಟ. ಆದರೆ ಮೂರನೆಯ ಪ್ರಶ್ನೆ ನಮ್ಮನ್ನು ಮನೆಗೆ ಕರೆತಂದಿತು.

ಡಾಲ್ಟನ್‌ಗೆ ಕಾರಣ ಎಣ್ಣೆ, ಕೊಲಿಮಾಕ್ಕೆ ಚಿನ್ನ. ನಮ್ಮ ದಾರಿಗಳ ಸ್ವಭಾವ ಬದಲಿಸಿದ್ದು ಸಂಡೂರು ಬೆಟ್ಟದ ಅದಿರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕುವವರೆಗೆ ಲಾರಿಗಳ ಸಾಲಿಗೆ ಕೊನೆಯೇ ಇರಲಿಲ್ಲ. ಕೆಂಧೂಳಿನಲ್ಲಿ ಹಗಲೇ ದೀಪ ಹಾಕಿಕೊಂಡು ಓಡಾಡಿದೆವು. ಮಳೆ ಬಂದರೆ ಆ ಧೂಳೇ ಎಣ್ಣೆ ಸವರಿದಂಥ ಕೆಸರು. ಗಣಿಗಾರಿಕೆ ಷರತ್ತುಗಳೊಂದಿಗೆ ಮತ್ತೆ ಆರಂಭವಾಯಿತು, ಲಾರಿಗಳೂ ಮರಳಿದವು.

ಉತ್ತರಕ್ಕೆ ಹೋದರೆ ತುಂಗಭದ್ರೆ. ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗಲೆಲ್ಲ ಕಂಪ್ಲಿಯ ಸೇತುವೆ ಮುಳುಗುತ್ತಿತ್ತು. ಹಂಪಿಯ ತಳವಾರಘಟ್ಟದಲ್ಲಿ ಹರಿಗೋಲಿನೊಳಗೆ ಬೈಕ್ ಇಟ್ಟು ಆನೆಗುಂದಿಗೆ ದಾಟುತ್ತಿದ್ದ ಕಾಲವಿತ್ತು. ಅಲ್ಲಿ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರು ಜೀವ ಕಳೆದುಕೊಂಡರು.

ನೆಲ, ಹವೆ, ದೂರಗಳ ಲೆಕ್ಕದಲ್ಲಿ ಧ್ರುವದ ದಾರಿಗಳೇ ಕಠಿಣ. ಅದರಲ್ಲಿ ನಮಗೆ ತಕರಾರಿಲ್ಲ. ಆದರೆ ಅಲ್ಲಿಗೆ ಹೋಗುವ ಸವಾರ ಬೇಸಗೆ ಆರಿಸಿಕೊಳ್ಳುತ್ತಾನೆ, ಎರಡು ಟೈರು ಹೆಚ್ಚಿಗೆ ಒಯ್ಯುತ್ತಾನೆ, ಮನಸ್ಸು ಅಳುಕಿದರೆ ಹಿಂದಿರುಗುತ್ತಾನೆ. ರಾತ್ರಿ ಪಾಳಿಗೆಂದು ತೋರಣಗಲ್ಲಿನ ಕಾರ್ಖಾನೆಗೆ ಹೊರಟ ನಮ್ಮ ಹುಡುಗನಿಗೆ ಹಿಂದಿರುಗುವ ಆಯ್ಕೆಯಿಲ್ಲ. ಹಾಲಿನ ಕ್ಯಾನ್ ಕಟ್ಟಿಕೊಂಡು ಬೆಳಗಿನ ಜಾವ ಹೊರಟವರಿಗೂ ಇಲ್ಲ. ಇವರನ್ನು ಯಾರೂ ಸಾಹಸಿಗಳೆಂದು ಕರೆಯುವುದಿಲ್ಲ. ಹಾಗಾಗಿ ಐದನೆಯ ಪ್ರಶ್ನೆಯನ್ನು ನಾವೇ ಸೇರಿಸಿದೆವು. ಇಂದು ಬೇಡವೆನ್ನುವ ಸ್ವಾತಂತ್ರ್ಯ ಸವಾರನಿಗೆ ಇದೆಯೇ?

ಈ ಪ್ರಶ್ನೆಯನ್ನು ಕೇಳಿಕೊಂಡರೆ ನಮ್ಮ ಕೆಲಸವೂ ತಿಳಿಯುತ್ತದೆ. ಕತ್ತಲಲ್ಲಿ ರಸ್ತೆ ಬದಿ ನಿಂತ ಲಾರಿಯ ಹಿಂದೆ ಹೊಳೆಯುವ ಪಟ್ಟಿ ಇದೆಯೇ ಎಂದು ನೋಡುವುದು, ಇಲ್ಲದಿದ್ದರೆ ಚಾಲಕನಿಗೆ ಹೇಳುವುದು, ಮನೆಯ ಹುಡುಗ ಹೆಲ್ಮೆಟ್ಟಿನ ಪಟ್ಟಿ ಬಿಗಿಯದೆ ಹೊರಟರೆ ಬಾಗಿಲಲ್ಲೇ ತಡೆಯುವುದು. ಇಷ್ಟಕ್ಕೆ ಅಲಾಸ್ಕಾದವರೆಗೆ ಹೋಗಬೇಕಿಲ್ಲ.