ಒರಟು ಕೂದಲಿನ ಪರವಾಗಿ

ಉಣ್ಣೆಯ ಅಂಗಡಿಗೆ ಹೋದವರೆಲ್ಲ ಮಾಡುವ ಕೆಲಸ ಒಂದೇ: ಬಟ್ಟೆಯನ್ನೆತ್ತಿ ಕೆನ್ನೆಗೆ ಒತ್ತಿ ನೋಡುವುದು. ಚುಚ್ಚದಿದ್ದರೆ ಒಳ್ಳೆಯ ಮಾಲು, ಚುಚ್ಚಿದರೆ ಬೇಡ. ಮಫ್ಲರಿಗೆ ಈ ಪರೀಕ್ಷೆ ಸಾಕು. ಯಾಕ್ ಉಣ್ಣೆಗೆ ಮಾತ್ರ ಸಾಲದು, ಏಕೆಂದರೆ ಆ ಪ್ರಾಣಿಯ ಮೈಮೇಲೆ ಬೆಳೆಯುವುದು ಒಂದೇ ಬಗೆಯ ಕೂದಲಲ್ಲ.

ಹೊರಗೆ ಕಾಣುವುದು ಹೊಟ್ಟೆಯ ಕೆಳಗೆ ಇಳಿಬಿದ್ದ ಉದ್ದನೆಯ ಜೂಲು. ಎಳೆಯ ದಪ್ಪ 50 ಮೈಕ್ರಾನ್ ಮೀರುತ್ತದೆ. ಅದರ ಬುಡದಲ್ಲಿ, ಚಳಿಗಾಲ ಹತ್ತಿರವಾದಂತೆ ಒತ್ತೊತ್ತಾಗಿ ಹುಟ್ಟುವುದು ತುಪ್ಪುಳ. ಟಿಬೆಟನ್ನರು ಖುಲ್ಲು ಎನ್ನುತ್ತಾರೆ. ದಪ್ಪ ಸುಮಾರು 16ರಿಂದ 20 ಮೈಕ್ರಾನ್, ಉದ್ದ ಮೂರ್ನಾಲ್ಕು ಸೆಂಟಿಮೀಟರ್. ಪಶ್ಮೀನಾಕ್ಕಿಂತ ತುಸು ದಪ್ಪ, ಒಳ್ಳೆಯ ಮೆರಿನೊ ಉಣ್ಣೆಗೆ ಸರಿಸಾಟಿ. ಜೂಲು, ತುಪ್ಪುಳಗಳ ನಡುವಿನ ದಪ್ಪದ ಮೂರನೆಯ ಬಗೆಯೂ ಉಂಟು.

ತುಪ್ಪುಳ ಬೇಸಿಗೆಯ ಮೊದಲಲ್ಲಿ ತಾನಾಗಿ ಸಡಿಲವಾಗುತ್ತದೆ. ಆಗ ಬಾಚಿ ತೆಗೆಯಬೇಕು, ತಡಮಾಡಿದರೆ ಗಾಳಿಪಾಲು. ಕರುವಿನ ಮೈಯಲ್ಲಿ ಅದರ ಪಾಲು ಹೆಚ್ಚು, ವಯಸ್ಸಾದಂತೆ ಒರಟು ಕೂದಲೇ ಮೇಲುಗೈ. ಹೀಗೆ ಬಾಚಿದ್ದರಲ್ಲಿ ಉದ್ದ ಕೂದಲು ಸೇರಿಕೊಂಡಿರುತ್ತದೆ. ಅದನ್ನು ಬೇರ್ಪಡಿಸುವುದರಲ್ಲೇ ನೂಲಿನ ಗುಣಮಟ್ಟವೆಲ್ಲ ಅಡಗಿದೆ. ನಾಲ್ಕು ಒರಟು ಎಳೆ ಉಳಿದರೂ ಕೆನ್ನೆ ಕಂಡುಹಿಡಿಯುತ್ತದೆ. ಚೀನಾದ ಗಾನ್ಸು ಪ್ರಾಂತ್ಯದ ರಿತೋಮಾ ಎಂಬ ಹಳ್ಳಿಯಲ್ಲಿ 2007ರಲ್ಲಿ ಶುರುವಾದ ನೋರ್ಲಾ ಕಾರ್ಯಾಗಾರ ಈ ತುಪ್ಪುಳದಿಂದಲೇ ಶಾಲು ನೇಯಿಸಿ ದೂರದ ದೇಶಗಳಿಗೆ ಮಾರುತ್ತದೆ. ಮಗ್ಗದ ಮುಂದೆ ಕೂತವರು ಅದೇ ಊರಿನ ಅಲೆಮಾರಿ ಕುಟುಂಬಗಳವರು. ಹುಲ್ಲುಗಾವಲು ಬಿಟ್ಟು ಪಟ್ಟಣಕ್ಕೆ ಕೂಲಿಗೆ ಹೋಗದೆ ಬದುಕುವ ದಾರಿ ಅದು. ನನಗೆ ಬಹಳ ಮೆಚ್ಚಾದ ಕೆಲಸ.

ಬಣ್ಣದ ವಿಷಯ ಹೇಳಲೇಬೇಕು. ಯಾಕ್ ಹೆಚ್ಚಾಗಿ ಕಪ್ಪು, ಇಲ್ಲವೇ ಕಡುಕಂದು. ತಿಳಿಬಣ್ಣ ಹಾಕಬೇಕೆಂದರೆ ಮೊದಲು ಬಿಳುಪು ಮಾಡಬೇಕು, ಅದರಿಂದ ಎಳೆ ಸೊರಗುತ್ತದೆ. ಗಾನ್ಸುವಿನ ತಿಯಾನ್‌ಝು ಕಡೆಯ ಬಿಳಿ ಯಾಕ್‌ಗಳಿಗೆ ಅಷ್ಟು ಬೆಲೆ ಬಂದದ್ದು ಇದರಿಂದಲೇ. ಹಿಮಾಲಯದ ಪ್ರವಾಸಿ ಪೇಟೆಗಳಲ್ಲಿ ಗುಲಾಬಿ, ಗಿಳಿಹಸಿರು ಬಣ್ಣದ ‘ಯಾಕ್ ಶಾಲು’ ಅಗ್ಗಕ್ಕೆ ಸಿಕ್ಕರೆ ಅಂಚಿನ ಒಂದೆಳೆ ಕಿತ್ತು ಸುಟ್ಟು ನೋಡಿ. ಕೂದಲಾದರೆ ಸುಟ್ಟ ಕೂದಲಿನ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ.

ಇನ್ನು ಕೆನ್ನೆ ಒಪ್ಪದ ಆ ಜೂಲು. ನಮ್ಮ ಕುರುಬರ ಕಂಬಳಿಯನ್ನು ನೆನೆದರೆ ಇದರ ಗುಣ ಬೇಗ ತಿಳಿಯುತ್ತದೆ. ಹುಣಸೆಬೀಜದ ಗಂಜಿ ಕುಡಿದ ಆ ಕಂಬಳಿ ಚುಚ್ಚುತ್ತದೆ, ಆದರೆ ಮಳೆಯಲ್ಲಿ ಕಾಯುವುದೂ ಅದೇ. ಲಡಾಖಿನ ಚಾಂಗ್‌ಥಾಂಗ್ ಬಯಲಿನ ಚಾಂಗ್ಪಾ ಜನ ಯಾಕ್ ಕೂದಲಿನಿಂದ ಮನೆಯನ್ನೇ ನೇಯುತ್ತಾರೆ. ರೆಬೊ ಎಂಬ ಕಪ್ಪು ಡೇರೆ. ಅಲ್ಲಿ ಕುರಿಯ ಉಣ್ಣೆ ಹೆಂಗಸರ ಕೈಗೆ. ಯಾಕ್ ಮತ್ತು ಆಡಿನ ಒರಟು ಕೂದಲನ್ನು ನೂತು, ಕಿರಿದಾದ ಪಟ್ಟಿಗಳಾಗಿ ನೇಯುವುದು ಗಂಡಸರ ಪಾಲು. ಪಟ್ಟಿಗಳನ್ನು ಪಕ್ಕಪಕ್ಕ ಹೊಲಿದರೆ ಡೇರೆ. ನೇಯ್ಗೆ ಎಷ್ಟು ವಿರಳವೆಂದರೆ ಒಣ ದಿನಗಳಲ್ಲಿ ಬೆಳಕು ಒಳಗೆ ಜಿನುಗುತ್ತದೆ, ಒಲೆಯ ಹೊಗೆ ಹೊರಗೆ ಸೋಸಿಹೋಗುತ್ತದೆ. ಮಳೆಯೋ ಹಿಮವೋ ಬಿತ್ತೆಂದರೆ ನೂಲು ನೀರು ಕುಡಿದು ಉಬ್ಬಿ ಕಂಡಿಗಳು ಮುಚ್ಚಿಕೊಳ್ಳುತ್ತವೆ. ಕೂದಲಿನ ಜಿಡ್ಡು, ವರ್ಷಗಟ್ಟಲೆ ಕೂತ ಮಸಿ, ಎರಡೂ ಸೇರಿ ನೀರನ್ನು ಜಾರಿಸುತ್ತವೆ. ಕಪ್ಪು ಬಣ್ಣ ಬಿಸಿಲನ್ನು ಹೀರಿ ಒಳಗನ್ನು ಬೆಚ್ಚಗಿಡುತ್ತದೆ. ತುಪ್ಪುಳದಿಂದ ಇದೊಂದೂ ಆಗದು. ಮೃದುವಾದದ್ದೇ ಮೇಲು ಎನ್ನುವವರು ಗಂಟೆ ಹೊತ್ತು ಆ ಡೇರೆಯಲ್ಲಿ ಕೂತು ಬರಬೇಕು.

ನಮ್ಮ ದೇವಸ್ಥಾನಗಳ ಅಸಲಿ ಚಾಮರವೂ ಈ ಪ್ರಾಣಿಯ ಬಾಲದ ಕೂದಲೇ. ಜಪಾನಿನ ಕಾಬುಕಿಯ ಸಿಂಹನೃತ್ಯದಲ್ಲಿ ನಟ ತಿರುಗಿಸುವ ಮಾರುದ್ದದ ಕೇಶರಾಶಿಗೂ ಯಾಕ್ ಕೂದಲೇ ಬೇಕಾಯಿತು. ಅರುಣಾಚಲದ ಮೊನ್ಪಾ ಜನರ ಟೊಪ್ಪಿಗೆಯಂತೂ ನೋಡತಕ್ಕದ್ದು: ಯಾಕ್ ಕೂದಲನ್ನು ಒತ್ತಿ ಮಾಡಿದ್ದು, ಅಂಚಿನಿಂದ ಐದು ಬಾಲಗಳು ಇಳಿದಿರುತ್ತವೆ, ಮಳೆನೀರು ಮುಖಕ್ಕೆ ಬೀಳದೆ ಅವುಗಳ ತುದಿಯಿಂದ ತೊಟ್ಟಿಕ್ಕುತ್ತದೆ.

ಈಗ ಚಾಂಗ್‌ಥಾಂಗಿನಲ್ಲೂ ಕ್ಯಾನ್ವಾಸ್ ಡೇರೆಗಳು ಎದ್ದಿವೆ. ಹಗುರ, ಹೊರಲು ಸುಲಭ, ನೇಯುವ ಶ್ರಮವಿಲ್ಲ, ಕೊಂಡವರನ್ನು ದೂರುವಂತಿಲ್ಲ. ತುಪ್ಪುಳಕ್ಕೆ ಹೇಗೋ ಗಿರಾಕಿಗಳು ಹುಟ್ಟಿಕೊಂಡರು. ಜೂಲಿಗೂ ಹಗ್ಗ, ಚೀಲ, ಹಾಸು, ಡೇರೆಪಟ್ಟಿ ಎಂದು ಕೇಳಿಬರುವವರು ಬೇಕು, ನೂಲುವ ಗಂಡಸರ ಕೈ ಇನ್ನೂ ಪಳಗಿರುವಾಗಲೇ.