ಹೆಸರಘಟ್ಟದ ಏರಿಯ ಮೇಲೆ

2024ರ ಏಪ್ರಿಲ್. ನಮ್ಮ ಅಪಾರ್ಟ್‌ಮೆಂಟಿನ ಎರಡು ಬೋರ್‌ವೆಲ್‌ಗಳಲ್ಲಿ ಒಂದು ಪೂರ್ತಿ ಬತ್ತಿತ್ತು. ಇನ್ನೊಂದು ದಿನಕ್ಕೆ ಗಂಟೆ ಹೊತ್ತು ನೀರು ಕೊಟ್ಟು, ಆಮೇಲೆ ಬರೀ ಗಾಳಿ. ಬೆಳಗಾದರೆ ವಾಟ್ಸಾಪ್ ಗ್ರೂಪಿನಲ್ಲಿ ಒಂದೇ ಪ್ರಶ್ನೆ: "ಟ್ಯಾಂಕರ್ ಬಂತಾ?"

ಭಾನುವಾರ ಮೀಟಿಂಗ್ ಇತ್ತು. 1,200 ಅಡಿಗೆ ಮೂರನೇ ಬೋರ್ ಕೊರೆಸೋದಾ, ಅದೇ ದುಡ್ಡಲ್ಲಿ ಮಳೆನೀರು ಹಿಡಿಯೋದಾ? ನಲವತ್ತು ಮನೆಗಳಲ್ಲಿ ಹೆಚ್ಚಿನವರು ಬೋರ್ ಕಡೆ. ಅವರ ಮುಂದಾಳು ಮೂರನೇ ಮಹಡಿಯ ಅಂಕಲ್, ರಿಟೈರ್ಡ್ ಬ್ಯಾಂಕ್ ಅಧಿಕಾರಿ. ವಾದ ಮಾಡಿ ಸಾಕಾಗಿ ಕೇಳಿದೆ: "ಅಂಕಲ್, ಶನಿವಾರ ಹೆಸರಘಟ್ಟಕ್ಕೆ ಹೋಗಿಬರೋಣ, ಬರ್ತೀರಾ?"

"ನೃತ್ಯಗ್ರಾಮಕ್ಕೇನಪ್ಪಾ?"

"ಅಲ್ಲ, ಕೆರೆ ನೋಡೋಕೆ."

ಬೆಳಿಗ್ಗೆ ಆರಕ್ಕೇ ಹೊರಟೆವು. ಚಿಕ್ಕಬಾಣಾವರ ದಾಟಿ ಸೋಲದೇವನಹಳ್ಳಿ ಬಂದಾಗ ಕಾರು ನಿಧಾನ ಮಾಡಿದೆ. ಬೆಂಗಳೂರಿಗೆ ಮೊದಲು ಕೊಳಾಯಿ ನೀರು ಹೋಗಿದ್ದು ಈ ದಾರಿಯಲ್ಲೇ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1894ರಲ್ಲಿ, ಅರ್ಕಾವತಿಗೆ ಹೆಸರಘಟ್ಟದಲ್ಲಿ ಕಟ್ಟೆ ಕಟ್ಟಿದರು. ಅಲ್ಲಿಂದ ಸೋಲದೇವನಹಳ್ಳಿವರೆಗೆ ಇಟ್ಟಿಗೆಯ ಕಾಲುವೆಯಲ್ಲಿ ನೀರು ಇಳಿಜಾರಿಗೆ ತಾನೇ ಹರಿದು ಬರುತ್ತಿತ್ತು. ಮುಂದೆ ಉಗಿ ಯಂತ್ರದ ಪಂಪು ಅದನ್ನು ಊರಿಗೆ ತಳ್ಳುತ್ತಿತ್ತು.

ಏರಿ ಹತ್ತಿ ನಿಂತೆವು. ಕಾಲ ಬುಡದಲ್ಲೆಲ್ಲ ಹುಲ್ಲು, ದೂರದಲ್ಲಿ ತೆಳ್ಳಗೆ ಒಂದು ನೀರಿನ ಗೆರೆ. ಎಮ್ಮೆಗಳು ಮೇಯುತ್ತಿದ್ದವು. ಅಂಕಲ್ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾನು ಹುಡುಗ ಆಗಿದ್ದಾಗ ಅಪ್ಪ ಕರ್ಕೊಂಡು ಬಂದಿದ್ರು ಕಣೋ. ಆಚೆ ದಡ ಕಾಣ್ತಾನೇ ಇರ್ಲಿಲ್ಲ" ಅಂದರು.

ಈ ಕೆರೆ ಸಾಲದಾದಾಗ ಊರು ಇದೇ ನದಿಯಲ್ಲಿ ಇನ್ನಷ್ಟು ಕೆಳಗೆ ಹೋಯಿತು. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಬಂತು. ಅದೂ ಸಾಲದಾಯಿತು. 1974ರಲ್ಲಿ ಕಾವೇರಿ ಬಂದಳು, ನೂರು ಕಿಲೋಮೀಟರ್ ದೂರದಿಂದ. ಆ ನೀರನ್ನು ಸುಮಾರು 500 ಮೀಟರ್ ಎತ್ತರಕ್ಕೆ, ಮೂರು ಹಂತಗಳಲ್ಲಿ ಪಂಪ್ ಮಾಡಿ ಏರಿಸಬೇಕು. ಕರೆಂಟ್ ಬಿಲ್ ಯೋಚನೆ ಮಾಡಿ!

"ಹತ್ತಿರದ್ದು ಕೈಕೊಟ್ಟಾಗಲೆಲ್ಲ ಇನ್ನೂ ದೂರ ಹೋಗಿದ್ದೀವಿ ಅಂಕಲ್. ನಮ್ಮ ಬೋರ್ ಕಥೆನೂ ಅದೇ. ಇನ್ನೂರು ಅಡಿ, ಆರುನೂರು, ಈಗ 1,200."

"ಮಳೆನೇ ಬರ್ದಿದ್ರೆ ಏನ್ ಮಾಡ್ತಾರಪ್ಪಾ?"

ಎಲ್ಲರೂ ಹೀಗೇ ಅಂದುಕೊಳ್ಳೋದು. ಆದರೆ ಅರ್ಕಾವತಿಯನ್ನು ಅಧ್ಯಯನ ಮಾಡಿದ ಏಟ್ರೀ ಸಂಸ್ಥೆಯವರು ಹೇಳೋದು ಬೇರೆ. ನದಿ ಸೊರಗಿದ್ದಕ್ಕೆ ಮಳೆ ಕಾರಣ ಅಲ್ಲ. ಮುಖ್ಯವಾಗಿ ಬೋರ್‌ವೆಲ್‌ಗಳು ಅಂತರ್ಜಲ ಎಳೆದುಬಿಟ್ಟವು, ನೀಲಗಿರಿ ತೋಪುಗಳು ನೆಲದ ತೇವ ಹೀರಿದವು. 2022ರಲ್ಲಿ ಮಳೆ ಜೋರಾದಾಗ ದಶಕಗಳ ನಂತರ ಇದೇ ಹೆಸರಘಟ್ಟಕ್ಕೆ ನೀರು ಬಂತು. ಅದೇ ಸೆಪ್ಟೆಂಬರ್‌ನಲ್ಲಿ ಔಟರ್ ರಿಂಗ್ ರೋಡ್ ಮುಳುಗಿ, ನಮ್ಮಂಥ ಐಟಿ ಮಂದಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದೆವು. ಮರುವರ್ಷ ಮುಂಗಾರು ಕೈಕೊಟ್ಟಿತು, ಅದರ ಮುಂದಿನ ಬೇಸಿಗೆಗೆ ಕುಡಿಯೋಕೆ ನೀರಿಲ್ಲ. ಹವಾಮಾನ ಬದಲಾವಣೆ ಅಂದರೆ ನಮಗೆ ಇದೇ: ಒಮ್ಮೆ ಅತಿ, ಒಮ್ಮೆ ಏನೂ ಇಲ್ಲ. ಬಂದಾಗ ಹಿಡಿದಿಟ್ಟರೆ ಉಂಟು.

ನನ್ನ ಕೆಲಸದಲ್ಲಿ ಒಂದೇ ಸರ್ವರ್ ನಂಬಿ ಕೂತರೆ ಬೈಸಿಕೊಳ್ಳಬೇಕು. ಅದೆಷ್ಟೇ ದೊಡ್ಡದಿರಲಿ, ಒಂದು ಅಂದರೆ ಒಂದೇ. ನೀರಿಗೂ ಅದೇ ಮಾತು. ಕೊಡಗಿನಲ್ಲಿ ಮಳೆ ತಪ್ಪಿದರೆ ಕಾವೇರಿಯೂ ಕಡಿಮೆ. ಕಾವೇರಿ ಬೇಕೇ ಬೇಕು, ಜೊತೆಗೆ ಮಾಳಿಗೆಯ ಮಳೆ, ಕೆರೆ, ಬಳಸಿ ಶುದ್ಧ ಮಾಡಿದ ನೀರು, ಎಲ್ಲ ಸೇರಬೇಕು. ಬೆಂಗಳೂರಿನ ಕೊಳಚೆ ನೀರು ಶುದ್ಧವಾಗಿ 2018ರಿಂದ ಕೋಲಾರದ ಕೆರೆಗಳನ್ನು ತುಂಬಿಸುತ್ತಿಲ್ಲವೇ?

ಏರಿಯ ಮೇಲೇ ಕೂತು ಮೊಬೈಲಿನಲ್ಲಿ ಲೆಕ್ಕ ಹಾಕಿ ತೋರಿಸಿದೆ. ನಮ್ಮ ತಾರಸಿ 12,000 ಚದರಡಿ. ಬೆಂಗಳೂರಿನ ವರ್ಷದ ಸರಾಸರಿ ಮಳೆ ಸುಮಾರು 970 ಮಿಲಿಮೀಟರ್. ಐದರಲ್ಲಿ ಒಂದು ಪಾಲು ಹಾಳಾಯಿತು ಅಂದುಕೊಂಡರೂ ಎಂಟೂವರೆ ಲಕ್ಷ ಲೀಟರ್, ಅಂದರೆ 12,000 ಲೀಟರಿನ ಎಪ್ಪತ್ತು ಟ್ಯಾಂಕರ್. ಅಷ್ಟೂ ನೀರು ಈಗ ಪೈಪಲ್ಲಿ ಇಳಿದು ರಸ್ತೆ ಸೇರುತ್ತಿದೆ. ಅಂಕಲ್ ನನ್ನ ಫೋನ್ ಇಸ್ಕೊಂಡು ಇನ್ನೊಮ್ಮೆ ಗುಣಿಸಿದರು. ಬ್ಯಾಂಕಿನವರಲ್ವಾ?

"ಲೆಕ್ಕ ಸರಿ ಇದೆ. ಆದ್ರೆ ಮೇ ತಿಂಗಳಿಗೆ ಏನು?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಬೇಸಿಗೆಗೆ ಟ್ಯಾಂಕರೇ ಗತಿ, ಅದನ್ನೇ ಹೇಳಿದೆ. ವಾಪಸ್ ಬರುವಾಗ ಇಡ್ಲಿ ತಿನ್ನುತ್ತಾ ಬೇರೆ ವಿಷಯ ಮಾತಾಡಿದೆವು.

ಮೀಟಿಂಗಿನಲ್ಲಿ ಜಗಳ ಆಯಿತು. ಕೊನೆಗೆ ಅಂಕಲ್ ಎದ್ದು ನಿಂತರು: "ಬೋರ್ ಒಂದು ವರ್ಷ ಮುಂದಕ್ಕೆ ಹಾಕೋಣ. ಮೊದಲು ತಾರಸಿ ನೀರನ್ನ ಸಂಪಿಗೆ ತಿರುಗಿಸಿ, ಮಿಕ್ಕಿದ್ದಕ್ಕೆ ಎರಡು ಇಂಗುಬಾವಿ ತೋಡ್ಸೋಣ. ಆಗ್ಲಿಲ್ಲ ಅಂದ್ರೆ ಬೋರ್ ದುಡ್ಡು ನಾನೇ ಮೊದಲು ಕೊಡ್ತೀನಿ." ನಾಲ್ಕು ವೋಟಿನಲ್ಲಿ ಪಾಸಾಯಿತು.

ಜೂನ್‌ನಲ್ಲಿ ಒಂದು ರಾತ್ರಿ ಜೋರು ಮಳೆ. ಹನ್ನೊಂದು ಗಂಟೆಗೆ ಸಂಪಿನ ಹತ್ತಿರ ಇಳಿದರೆ ಅಂಕಲ್ ಆಗಲೇ ಅಲ್ಲಿದ್ದರು, ಒಂದು ಕೈಲಿ ಕೊಡೆ, ಇನ್ನೊಂದರಲ್ಲಿ ಟಾರ್ಚ್. ಪೈಪಿನಿಂದ ನೀರು ಧೋ ಅಂತ ಬೀಳುತ್ತಿತ್ತು.

"ಎಷ್ಟನೇ ಟ್ಯಾಂಕರೋ ಇದು?" ಅಂದರು.